ಪರಾತದ ಜಾಗ

ನನ್ನ ತಮ್ಮನ ಮಗ ಬಸವರಾಜ ಬೀದರದಿಂದ ಬರುವಾಗ ಒಂದು ಬಣ್ಣದ ಪುಸ್ತಕ ತಂದ. ಪುಸ್ತಕವೆಂದರೆ ಓದುವಂಥದ್ದಲ್ಲ, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ರಟ್ಟಿನ ಪಟ್ಟಿಗಳು. ಪಟ್ಟಿಯ ತುಂಬ ಬಿಳಿಯ ಚೌಕಗಳು. ಮುತ್ತಿನ ಬಿಳಿ, ಕೆನೆಯ ಬಿಳಿ, ಮುಂಜಾವಿನ ಬಿಳಿ, ಹೀಗೆ. ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದು ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನಗೆ ಎಲ್ಲವೂ ಸುಣ್ಣವೇ. ಆಯುಷ್ಯವೆಲ್ಲ ಸಾಲೆಯ ಮಕ್ಕಳ ಅಕ್ಷರ ತಿದ್ದಿದ ಕಣ್ಣು ಇವು. ಒಂದು ಒತ್ತು ತಪ್ಪಿದ್ದರೆ ದೂರದಿಂದಲೇ ಹಿಡಿಯುತ್ತವೆ, ಆದರೆ ಬಿಳಿಗೂ ಬಿಳಿಗೂ ಇರುವ ವ್ಯತ್ಯಾಸ ಅವಕ್ಕೆ ಹತ್ತಲಿಲ್ಲ.

"ಅತ್ತಿ, ನಿಮಗ ಯಾವ ಬಣ್ಣ ಬೇಕು ಹೇಳ್ರಿ, ಅದೇ ಹಚ್ಚಸ್ತೇನಿ," ಎಂದ ಬಸವರಾಜ. ಆಮೇಲೆ ದನಿ ತಗ್ಗಿಸಿ, "ಹಳದಿ ಒಂದು ಬ್ಯಾಡ್ರಿ," ಎಂದ.

ಜಗತ್ತಿನ ಬಣ್ಣವನ್ನೆಲ್ಲ ಮುಂದಿಟ್ಟು ಒಂದನ್ನು ಮಾತ್ರ ಬೇಡ ಎಂದರೆ ನನ್ನಂಥವಳಿಗೆ ಬೇಕಾಗುವುದು ಅದೊಂದೇ. ಇದು ಅವನಿಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಹೇಳಿದನೆಂದರೆ ಅವನಿಗೆ ಏನೋ ಹೆದರಿಕೆ ಹೊಕ್ಕಿದೆ ಎಂದು ನನಗೆ ಆಗಲೇ ಅನ್ನಿಸಿತು.

ನಿಮಗೆ ನಮ್ಮ ಮನೆಯನ್ನು ಒಂದಿಷ್ಟು ತೋರಿಸಬೇಕು. ಭಾಲ್ಕಿಯ ಹಳೆಯ ಓಣಿಯಲ್ಲಿ, ಬೀದಿಗೆ ಒಂದೇ ಬಾಗಿಲು ಬಿಟ್ಟು ಬೆನ್ನು ಮಾಡಿ ಕೂತ ಮನೆ. ಕಲ್ಲು-ಮಣ್ಣಿನ ಗೋಡೆಗಳು ಎಷ್ಟು ದಪ್ಪವೆಂದರೆ, ಸಣ್ಣವಳಿದ್ದಾಗ ಕಿಟಕಿಯ ಗೂಡಿನಲ್ಲಿ ಕಾಲು ಚಾಚಿ ಮಲಗುತ್ತಿದ್ದೆ. ಮಲಗಿ ಗೋಡೆ ನೆಕ್ಕುತ್ತಿದ್ದೆ. ನಗಬೇಡಿ, ಹಸಿ ಸುಣ್ಣದ ಮೇಲೆ ನಾಲಿಗೆ ಒಂಚೂರು ಸುಟ್ಟಂತಾಗಿ ಆಮೇಲೆ ತಣ್ಣಗಾಗುತ್ತದಲ್ಲ, ಆ ರುಚಿ ಗೊತ್ತಿಲ್ಲದವರು ಮಣ್ಣಿನ ಮನೆಯಲ್ಲಿ ಬೆಳೆದವರಲ್ಲ. ಪಡಸಾಲೆಯ ಎಡಕ್ಕೆ ಒಂದು ಖೋಲಿ. ಅದು ಮೊದಲು ನಮ್ಮ ಆಯಿಯದು, ಅಂದರೆ ನನ್ನ ಅಜ್ಜಿಯದು. ಆಕೆ ಹೋದ ಮೇಲೆ ನನ್ನದು. ಆ ಖೋಲಿಯ ದೊಡ್ಡ ಗೋಡೆ ಹಳದಿ. ಹಳದಿಯ ನಟ್ಟನಡುವೆ, ಆಳೆತ್ತರಕ್ಕೆ, ಒಂದು ಬಿಳಿ ಗುಂಡು, ಹಳದಿ ಹಚ್ಚದೆ ಬಿಟ್ಟ ವೃತ್ತ. ಗುಂಡಿನ ಮೇಲ್ತುದಿಯಲ್ಲಿ ಒಂದು ಮೊಳೆ. ಮೊಳೆಯಲ್ಲಿ ಏನೂ ಇಲ್ಲ.

ಈಗ ಬಸವರಾಜನ ಮಗಳು ಪಲ್ಲವಿಗೆ ಔರಾದದ ಕಡೆಯ ಸಂಬಂಧ ಒದಗಿಬಂದಿತ್ತು. ಹುಡುಗ-ಹುಡುಗಿ ಇಬ್ಬರಿಗೂ ಒಪ್ಪಿಗೆ, ಹಿರಿಯರು ಬಂದು ಮಾತು ಮುಗಿಸುವುದೊಂದೇ ಬಾಕಿ. ಅವರು ಬರುವಷ್ಟರಲ್ಲಿ ಮನೆ ಹೊಸದಾಗಬೇಕೆಂದು ಬಸವರಾಜ ಹಟ ಹಿಡಿದ. ಗಾಂಧಿ ಗಂಜದ ಮಾರುಕಟ್ಟೆಯಲ್ಲಿ ತೊಗರಿ, ಉದ್ದಿನ ಅಡತಿ ವ್ಯಾಪಾರ ಮಾಡುವವನು. ಮಾಲು ಚೆನ್ನಾಗಿದ್ದರೂ ಚೀಲ ಹರಿದಿದ್ದರೆ ಗಿರಾಕಿ ಮೂಗು ಮುರಿಯುತ್ತಾನೆ ಎಂಬುದು ಅವನ ಅನುಭವ. ಬೀದರದಿಂದ ಸಂತೋಷ ಎನ್ನುವ ಒಬ್ಬ ಮನೆ ಅಲಂಕಾರದವನನ್ನು ಕರೆತಂದ. ಸಂತೋಷ ಒಳ್ಳೆಯ ಮನುಷ್ಯ. ಬಂದವನೇ ಗೋಡೆಗಳನ್ನು ಬೆರಳಿನಿಂದ ಬಡಿದು, ವೈದ್ಯರ ಹಾಗೆ ಮುಖ ಸಪ್ಪಗೆ ಮಾಡಿಕೊಂಡ.

ನಾನು ಹಟಮಾರಿ ಎಂದು ಊರಿಗೆಲ್ಲ ಹೆಸರಾದವಳು. ಆದರೂ ಈ ಸಲ ಎಷ್ಟೆಲ್ಲ ಬಿಟ್ಟುಕೊಟ್ಟೆ ಗೊತ್ತೇ? ಅಂಗಳದ ಹಾಸುಗಲ್ಲು ಹೋಗಿ ಜಾರುವ ಟೈಲ್ಸ್ ಬಂತು, ಸುಮ್ಮನಿದ್ದೆ. ತೊಲೆಗಳನ್ನು ಮುಚ್ಚಿ ಬಿಳಿ ಛತ್ತು ಬಂತು, ಅದರೊಳಗೆ ನಕ್ಷತ್ರದಂಥ ದೀಪಗಳು ಬಂದವು, ಸುಮ್ಮನಿದ್ದೆ. ಗೂಡಿನಲ್ಲಿ ಪ್ಲಾಸ್ಟಿಕ್ಕಿನ ಬಳ್ಳಿ ಇಟ್ಟರು. ಅದಕ್ಕೆ ನೀರು ಹಾಕಿ ಬೈಸಿಕೊಂಡೆ. ಕೊನೆಗೆ, ಪಡಸಾಲೆಗೂ ನನ್ನ ಖೋಲಿಗೂ ನಡುವೆ ಇದ್ದ ಹಲಗೆಯ ತಡಿಕೆ ತೆಗೆದು ಎರಡನ್ನೂ ಒಂದು ಮಾಡಿದರೆ ದೊಡ್ಡ ಹಾಲ್ ಆಗುತ್ತದೆ ಎಂದರು. ಆಗಲಿ ಎಂದು ನನ್ನ ಮಂಚವನ್ನು ಹಿಂದಿನ ಖೋಲಿಗೆ ಸರಿಸಿದೆ. ಖೋಲಿಯನ್ನೇ ಕೊಟ್ಟವಳು ನಾನು.

ತಡಿಕೆ ತೆಗೆದರು. ಬಾಗಿಲಲ್ಲಿ ನಿಂತವರಿಗೆ ಎದುರಿಗೇ ಹಳದಿ ಗೋಡೆ ಕಂಡಿತು. ನಡುವೆ ಬಿಳಿ ಗುಂಡು. ಬಸವರಾಜನ ಬಣ್ಣದ ಪುಸ್ತಕ ಹೊರಬಂದದ್ದು ಆ ಸಂಜೆ.

ಆ ಹಳದಿ ಬಂದದ್ದು ಹೇಗೆಂದರೆ, ನಮ್ಮ ಆಯಿಗೆ ಅದು ಸೇರಿತು, ಬಂತು. ಇದಕ್ಕಿಂತ ದೊಡ್ಡ ಕಾರಣವಿಲ್ಲ. ಆ ಕಾಲದಲ್ಲಿ ಮನೆಯೆಂದರೆ ಪಡಸಾಲೆ ಗಂಡಸರದು, ಅಡುಗೆಮನೆ ಅತ್ತೆಯದು, ಜಗಲಿ ದೇವರದು. ಅತ್ತೆ ತೀರಿಕೊಂಡ ಮೇಲೆ ಆಯಿಗೆ ಒಂದು ಖೋಲಿ ತನ್ನದು ಅಂತ ಸಿಕ್ಕಿತು. ಎದುರುಮನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಹಲೀಮಾಬಿ ಇದ್ದಳು. ಅವಳ ಅಂಗಳದಲ್ಲಿ ಒಣಹಾಕಿದ ಹಳದಿ ದುಪ್ಪಟ್ಟಗಳನ್ನು ಆಯಿ ಹೊಸ್ತಿಲಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದಳು. ಖೋಲಿ ಕೈಗೆ ಬಂದ ಬೇಸಿಗೆಯಲ್ಲೇ, ತನ್ನ ಗೋಡೆಗೆ ಆ ಬಣ್ಣ ಬೇಕೆಂದು ಹಲೀಮಾಬಿಯನ್ನು ಕರೆದಳು. ಸುಣ್ಣಕ್ಕೆ ಪೇವಡಿ ಎನ್ನುವ ಹಳದಿ ಮಣ್ಣು ಕಲಸಿ, ಮುತ್ತುಗದ ಹೂ ಕುದಿಸಿದ ನೀರು ಬೆರೆಸಿ, ಅಂಟಿಗೆ ಬೇಲದ ಗೋಂದು ಹಾಕಿ, ಇಬ್ಬರೂ ಸೆರಗು ಸಿಕ್ಕಿಸಿ ಬಳಿದರು. ನಮ್ಮ ಮುತ್ಯಾ, ಅಂದರೆ ಆಯಿಯ ಗಂಡ, ಹೊಲದಿಂದ ಬಂದು ನೋಡಿ, ಮನೆಗೆ ಕಾಮಾಲೆ ಆಗಿದೆಯೇ ಎಂದು ಕೇಳಿದನಂತೆ. ಆಯಿ ಇನ್ನೊಂದು ಕೈ ಬಳಿದಳಂತೆ.

ಗೋಡೆಯ ನಡುವೆ ಆಯಿಯ ತವರಿನ ಪರಾತ ತೂಗುತ್ತಿತ್ತು. ಪರಾತ ಗೊತ್ತಲ್ಲ, ಹಬ್ಬದಲ್ಲಿ ಹಿಟ್ಟು ನಾದುವ ಅಗಲವಾದ ಹಿತ್ತಾಳೆಯ ತಟ್ಟೆ. ನಮ್ಮ ಕಡೆ ಹಬ್ಬ ಮುಗಿದ ಮೇಲೆ ಅದನ್ನು ಬೆಳಗಿ ಗೋಡೆಗೆ ಏರಿಸುವ ಪದ್ಧತಿ. ಬಂದವರಿಗೆ ತವರಿನ ಮಾನ ಕಾಣಬೇಕು. ಆದರೆ ಬಣ್ಣ ಬಳಿಯುವ ದಿನ ಆ ಪರಾತದ ಹಿಂದೆ ಗುಬ್ಬಿ ಗೂಡು ಕಟ್ಟಿತ್ತು, ಗೂಡಿನಲ್ಲಿ ತತ್ತಿ ಇದ್ದವು. ಪರಾತ ಇಳಿಸಿದರೆ ಗೂಡು ಬಿದ್ದೀತೆಂದು ಇಬ್ಬರೂ ಅದರ ಸುತ್ತ ಬಳಿದು ಬಿಟ್ಟರು. ಪರಾತ ಹೇಗೂ ಮುಚ್ಚಿರುತ್ತದೆ, ಅದರ ಹಿಂದೆ ಯಾರು ನೋಡುತ್ತಾರೆ ಎಂದುಕೊಂಡರು. ಮುಂದಿನದೆಲ್ಲ ಈ ಗುಬ್ಬಿಯಿಂದ ಆದದ್ದು.

ಏಕೆಂದರೆ ಮರುವರ್ಷವೇ, ನಿಜಾಮನ ಪರವಾಗಿ ಖಾಕಿ ತೊಟ್ಟು ತಿರುಗುತ್ತಿದ್ದ ರಜಾಕಾರರ ಗದ್ದಲದ ವರ್ಷ. ನಾನು ಆಗ ಸಾಲೆಯಲ್ಲಿ ಅಲಿಫ್, ಬೇ ತಿದ್ದುತ್ತಿದ್ದೆ. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ. ಯಾವ ಮಾತಿನಲ್ಲಿ ಬೈದರೂ ನನಗೆ ತಿಳಿಯುತ್ತಿತ್ತು, ಅದೇ ನನ್ನ ವಿದ್ಯೆ. ಊರಲ್ಲಿ ದಿನಕ್ಕೊಂದು ಸುದ್ದಿ. ಇಂಥ ಹಳ್ಳಿಯಲ್ಲಿ ಮನೆ ಹೊಕ್ಕು ಭಾಂಡೆ ಹೊತ್ತರಂತೆ, ಇಂಥ ಹಳ್ಳಿಯಲ್ಲಿ ಬಣವೆ ಸುಟ್ಟರಂತೆ. ಎಲ್ಲರೂ ಹಿತ್ತಾಳೆ, ತಾಮ್ರ, ಬಂಗಾರವನ್ನೆಲ್ಲ ನೆಲದೊಳಗೆ ಇಳಿಸತೊಡಗಿದರು. ನಮ್ಮ ಮನೆಯಲ್ಲೂ ಒಳಗೆ ಜೋಳ ತುಂಬುವ ಹಗೇವು ಇತ್ತು. ಮುತ್ಯಾ ಒಂದು ಮಧ್ಯಾಹ್ನ ಬಾಗಿಲು ಹಾಕಿ ಭಾಂಡೆಗಳನ್ನೆಲ್ಲ ಅದರೊಳಗೆ ಇಳಿಸಿ, ಮೇಲೆ ಜೋಳ ಸುರಿದು, ಬಂಡೆ ಮುಚ್ಚಿ, ಸಗಣಿ ಸಾರಿಸಿದ. ಕೊನೆಗೆ ಇಳಿದದ್ದು ಪರಾತ. ಬೀದಿಬಾಗಿಲಿನ ಅಗಳಿಯನ್ನು ಎರಡು ಸಲ ನೋಡಿ ಬಂದು ಆಯಿಯೇ ಅದನ್ನು ಮೊಳೆಯಿಂದ ತೆಗೆದಳು. ಗುಬ್ಬಿಗಳು ಎಂದೋ ಹಾರಿಹೋಗಿದ್ದವು.

ಪರಾತ ಇಳಿದ ಮೇಲೆ ಎಲ್ಲರೂ ಗೋಡೆ ನೋಡಿದೆವು. ಹಳದಿಯ ನಡುವೆ ರೊಟ್ಟಿಯಂಥ ಬಿಳಿ ಗುಂಡು. ನಿಜಾಮ ಸರ್ಕಾರದ ಬಾವುಟವೂ ಹಳದಿ, ಅದರ ನಡುವೆಯೂ ರೊಟ್ಟಿಯಂಥ ಬಿಳಿ ಗುಂಡು. ಅದರ ಮೇಲಿನ ಬರಹವೊಂದನ್ನು ಬಿಟ್ಟರೆ, ಸಾಲೆಯ ಮುಂದೆ ನಾವು ದಿನಾ ಸಲಾಮು ಹೊಡೆಯುತ್ತಿದ್ದ ಝಂಡಾ ನಮ್ಮ ಆಯಿಯ ಖೋಲಿಯಲ್ಲಿ ಹರಡಿಕೊಂಡಿತ್ತು. ನಾನು ಅಭ್ಯಾಸಬಲದಿಂದ ಕೈ ಎತ್ತಿದೆ. ಆಯಿ ಆ ಕೈಗೆ ಒಂದು ಕೊಟ್ಟಳು.

ಗುಂಡನ್ನು ಹಳದಿ ಮಾಡಬಹುದಿತ್ತು, ಆದರೆ ಹಲೀಮಾಬಿಯ ಮನೆಯಲ್ಲೂ ಪೇವಡಿ ಮುಗಿದಿತ್ತು, ಆ ದಿನಗಳಲ್ಲಿ ಬೀದರಕ್ಕೆ ಹೋಗಿ ಬಣ್ಣ ತರುವಷ್ಟು ಧೈರ್ಯ ಯಾರಿಗಿತ್ತು? ಹಾಗೇ ಉಳಿಯಿತು. ಕೆಲವೇ ದಿನಕ್ಕೆ ಖಾಕಿ ತೊಟ್ಟ ಒಂದು ಗುಂಪು ನಮ್ಮ ಓಣಿಗೂ ಬಂತು. ಅವರ ಸರದಾರ ಪಡಸಾಲೆಗೆ ಬೂಟುಗಾಲಲ್ಲೇ ಹತ್ತಿದ. ಮುತ್ಯಾ ಕೈಮುಗಿದು ನಿಂತಿದ್ದ. ತಡಿಕೆಯ ಬಾಗಿಲು ತೆರೆದೇ ಇತ್ತು. ಸರದಾರ ಅತ್ತ ನೋಡಿದವನು ಥಟ್ಟನೆ ನಿಂತ. ಟೋಪಿ ಸರಿಮಾಡಿಕೊಂಡ. ಮುತ್ಯಾನ ಬೆನ್ನು ತಟ್ಟಿ, ಇಂಥ ವಫಾದಾರ ಮನೆ, ಸರ್ಕಾರಕ್ಕೆ ಇಷ್ಟು ನಿಷ್ಠೆಯ ಮನೆ, ಇಡೀ ಊರಲ್ಲಿ ಕಂಡಿಲ್ಲ ಎಂದು ಉರ್ದುವಿನಲ್ಲಿ ಹೊಗಳಿದ. ಗೋಡೆಗೆ ಸಲಾಮು ಮಾಡಿದ. ಮುತ್ಯಾನ ಮುಖಕ್ಕೆ ಹೋದ ಜೀವ ಬಂತು. ಇನ್ನೇನು ಹೊರಟೇಬಿಡುತ್ತಿದ್ದರು.

ಒಳಗಿನಿಂದ ಆಯಿಯ ದನಿ ಬಂತು. "ಅದು ಝಂಡಾ ಅಲ್ರಿ. ನನ್ನ ಪರಾತದ ಜಾಗಾ."

ಸರದಾರನಿಗೆ ಕನ್ನಡ ತಿಳಿಯುತ್ತಿತ್ತೋ ಇಲ್ಲವೋ ಎಂದು ನಾವು ಕಾಯುತ್ತ ನಿಂತೆವು. ತಿಳಿಯುತ್ತಿತ್ತು. ಅವನು ತಿರುಗಿ, ತಣ್ಣಗೆ ಕೇಳಿದ: "ಪರಾತ ಎಲ್ಲದ?"

ನೋಡಿ, ಇದು ಆಯಿಯ ಸ್ವಭಾವದ ತೊಂದರೆ. ಸತ್ಯ ಹೇಳುವ ಚಪಲದಲ್ಲಿ ಹಗೇವಿನ ಗುಟ್ಟಿಗೇ ಕೈ ಹಾಕಿದ್ದಳು. ಪರಾತ ನೆಲದಲ್ಲಿದೆ ಎಂದರೆ ಉಳಿದದ್ದೂ ನೆಲದಲ್ಲಿದೆ. ಮುತ್ಯಾ ಕಣ್ಣು ಮುಚ್ಚಿಕೊಂಡಿದ್ದ. ಆಯಿ ಒಂದು ಗುಟುಕು ಉಗುಳು ನುಂಗಿ, ಪರಾತ ಕಲಾಯಿಗೆ ಹೋಗಿದೆ ಎಂದಳು. ಹಿತ್ತಾಳೆಗೆ ಒಳಗೆ ತವರ ಹಚ್ಚಿಸುವುದು ಮನೆಮನೆಯ ಕೆಲಸ, ಯಾರೂ ಅನುಮಾನಿಸುವಂಥದ್ದಲ್ಲ. ಸರದಾರ ನಕ್ಕ, ಪರಾತ ಬಂದರೂ ಏರಿಸಬೇಡ, ಗೋಡೆ ಹೀಗೇ ಚಂದ ಎಂದು ಹೇಳಿ ಹೊರಟುಹೋದ. ಮುತ್ಯಾ ಅಂದು ಊಟ ಮಾಡಲಿಲ್ಲ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಗೊಣಗಿದ. ತಾನು ಬಳಿದ ಗೋಡೆಗೆ ಅವನು ಸಲಾಮು ಹೊಡೆದು ತನ್ನದು ಮಾಡಿಕೊಂಡು ಹೋಗುವಾಗ ಸುಮ್ಮನೆ ಕೂಡಬೇಕಿತ್ತೇ ಎಂದು ಆಯಿ ತಿರುಗಿ ಕೇಳಿದಳು. ಸುಳ್ಳು ಹೇಳಬೇಕಾಯಿತಲ್ಲ ಎಂಬ ಸಿಟ್ಟು ಮಾತ್ರ ಅವಳಿಗೆ ಬಹಳ ದಿನ ಇತ್ತು. ಪರಾತದ ವಿಷಯಕ್ಕೆ ಸುಳ್ಳು ಹೇಳುವುದೆಂದರೆ ತವರಿನ ವಿಷಯಕ್ಕೆ ಸುಳ್ಳು ಹೇಳಿದಂತೆ ಅವಳಿಗೆ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ವಿಮಾನಗಳು ಹಾರಿದವು, ಬೀದರದ ರಸ್ತೆಯಲ್ಲಿ ಮಿಲಿಟರಿ ಗಾಡಿಗಳು ಬಂದವು, ನಿಜಾಮ ಶರಣಾದನೆಂದು ಸುದ್ದಿ ಬಂತು. ಜನ ಕುಣಿದರು. ನಾವೂ ಕುಣಿದೆವು, ಕುಣಿಯುವಂಥ ಸಂತೋಷವೇ ಅದು, ಈಗಲೂ ನಾನು ಅದನ್ನು ಬಿಟ್ಟುಕೊಡುವುದಿಲ್ಲ. ಸಾಲೆಯ ಮುಂದಿನ ಬಾವುಟ ಬದಲಾಯಿತು. ಆದರೆ ಸಂತೋಷದ ಹಿಂದೆಯೇ ಇನ್ನೊಂದು ಗಾಳಿ ಎದ್ದಿತು. ಲೆಕ್ಕ ಚುಕ್ತಾ ಮಾಡುವವರು ಓಣಿ ಓಣಿ ತಿರುಗತೊಡಗಿದರು. ಯಾರು ಖಾಕಿ ತೊಟ್ಟಿದ್ದರು, ಯಾರು ತೊಟ್ಟಿರಲಿಲ್ಲ ಎಂದು ಕೇಳುವ ವ್ಯವಧಾನ ಅವರಿಗಿರಲಿಲ್ಲ. ಹಲೀಮಾಬಿಯ ಗಂಡ ಬಣ್ಣದ ಬಟ್ಟೆಯ ಗಂಟು ಹೊತ್ತು ಔರಾದದ ಸಂತೆಗೆ ಹೋದವನು ಬರಲಿಲ್ಲ. ಇವತ್ತಿನ ತನಕವೂ ಬರಲಿಲ್ಲ. ಆಯಿ ಎದುರುಮನೆಗೆ ಹೋಗಿ ಹಲೀಮಾಬಿಯನ್ನೂ ಅವಳ ಸೊಸೆಯನ್ನೂ ಕೈಹಿಡಿದು ಕರೆತಂದಳು. ಹಳದಿ ಗೋಡೆಯ ಮಗ್ಗುಲಲ್ಲಿ ಜೋಳದ ಚೀಲ ಇಡುವ ಒಂದು ಒಳಕೋಣೆ ಇತ್ತು. ಅವರಿಬ್ಬರನ್ನೂ ಅಲ್ಲಿ ಕೂಡಿಸಿ ಬಾಗಿಲು ಮುಂದೆ ಮಾಡಿದಳು. ಬಳೆ ಸಪ್ಪಳವಾಗದಂತೆ ಇಬ್ಬರೂ ಕೈಗೆ ಸೆರಗು ಸುತ್ತಿಕೊಂಡಿದ್ದರು.

ತೋಳಿಗೆ ಪಟ್ಟಿ ಕಟ್ಟಿಕೊಂಡ ಗಂಡಸರು ನಮ್ಮ ಮನೆಗೆ ಬಂದದ್ದು ಒಂದು ಮುಂಜಾನೆ. ಅವರಲ್ಲಿ ಕೆಲವರು ನಮ್ಮ ಪಡಸಾಲೆಯಲ್ಲಿ ಊಟ ಮಾಡಿದವರೇ. ಗೋಡೆಯ ಮೇಲೆ ನಿಜಾಮನ ಝಂಡಾ ಇದೆಯೆಂದು ಅವರಿಗೆ ಯಾರೋ ಹೇಳಿದ್ದರು. ಸರದಾರ ಸಲಾಮು ಮಾಡಿದ ಸುದ್ದಿ ಊರೆಲ್ಲ ಹಬ್ಬಿತ್ತಲ್ಲ. ಒಬ್ಬನ ಕೈಯಲ್ಲಿ ಸುಣ್ಣದ ಬಕೀಟು, ಕುಂಚ. ನಿಮಗೇಕೆ ತೊಂದರೆ, ನಾವೇ ಬಳಿದು ಹೋಗುತ್ತೇವೆ ಎಂದರು. ಬಳಿಯಲು ಬಂದರೆ ಒಳಕೋಣೆಯ ಬಾಗಿಲಿಗೆ ಒರಗಿಯೇ ನಿಲ್ಲಬೇಕು.

ಆಯಿ ಖೋಲಿಯ ಹೊಸ್ತಿಲಿಗೆ ಅಡ್ಡ ಕೂತಳು. ನನ್ನನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಅದು ಝಂಡಾ ಅಲ್ಲ. ನನ್ನ ಪರಾತದ ಜಾಗಾ," ಎಂದಳು. ಆಮೇಲೆ ಶುರುವಾಯಿತು ನೋಡಿ ಜಗಳ. ನಮ್ಮ ಆಯಿ ಆ ಪರಿ ಜಗಳಾಡಿದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಅವಳ ಗೋಡೆಗೆ ಅವಳನ್ನು ಕೇಳದೆ ಸುಣ್ಣ ತಂದವರು ಯಾರು? ಹಳದಿಯ ಮೇಲೆ ಸುಣ್ಣ ಎಳೆದರೆ ಹುಳಿ ಮಜ್ಜಿಗೆಯ ಬಣ್ಣ ಬರುತ್ತದೆ, ಅದನ್ನು ದಿನಾ ನೋಡುವವರು ಯಾರು? ನೆಲದ ಮೇಲೆ ಬಿದ್ದ ಹನಿ ಒರೆಸುವವರು ಯಾರು? ಸರದಾರ ಬಂದು ಹೀಗೇ ಇರಲಿ ಎಂದ, ನೀವು ಬಂದು ಹೀಗೆ ಇರಬಾರದು ಎನ್ನುತ್ತೀರಿ, ಮನೆ ನಿಮ್ಮದೋ ನನ್ನದೋ? ಊಟ ಮಾಡಿದ್ದವನೊಬ್ಬನನ್ನು ಹೆಸರು ಹಿಡಿದು ಕರೆದು, ನಿಮ್ಮವ್ವನನ್ನು ಕೇಳಿಕೊಂಡು ಬಾ, ಪರಾತ ಇಳಿಸಿದ ಗೋಡೆ ಹೇಗಿರುತ್ತದೆ ಅಂತ, ಎಂದಳು. ಅವನು ನೆಲ ನೋಡಿದ. ನಡುವೆ ಒಳಕೋಣೆಯಿಂದ ಒಂದು ಕೆಮ್ಮು ಬಂತು, ಜೋಳದ ಧೂಳಿಗೆ. ಆಯಿ ದನಿ ಏರಿಸಿದಳು. ನನ್ನ ತೊಡೆಯನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ನಾನು ಕಿಟಾರನೆ ಅಳತೊಡಗಿದೆ. ಅಳು, ಬೈಗುಳ, ಎರಡೂ ಕೂಡಿ ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ಬಂದು ನಿಂತರು. ಆ ಹೆಂಗಸರೂ ಅದು ಪರಾತದ ಗುರುತೇ ಅಂದರು. ಗಂಡಸರಿಗೆ ಇರುಸುಮುರುಸಾಯಿತು. ಒಂದು ಗೋಡೆಗಾಗಿ ಇಷ್ಟೊಂದು ಹೆಂಗಸರ ಬಾಯಿಗೆ ಬೀಳುವ ಉತ್ಸಾಹ ಅವರಿಗೆ ಉಳಿಯಲಿಲ್ಲ. ನಾಳೆಯೊಳಗೆ ಅದರ ಮೇಲೆ ಏನಾದರೂ ಮುಚ್ಚಿರಬೇಕು ಎಂದು ಮುತ್ಯಾನಿಗೆ ಹೇಳಿ, ಬಕೀಟು ಎತ್ತಿಕೊಂಡು ಹೋದರು. ಒಳಕೋಣೆಯಲ್ಲಿ ಯಾರಿದ್ದಾರೆಂದು ಯಾರೂ ಕೇಳಲಿಲ್ಲ. ಗೋಡೆಯ ಮಾತು ಮುಗಿದಿದ್ದರೆ ತಾನೇ ಕೇಳುವುದು?

ಮುತ್ಯಾ ಆ ಮಧ್ಯಾಹ್ನವೇ ಹಗೇವಿನ ಬಂಡೆ ಎತ್ತಿದ. ಜೋಳ ಸರಿಸಿ, ಪರಾತ ತೆಗೆದು, ಪಂಚೆಯಲ್ಲಿ ಒರೆಸಿ ತಂದ. ಏರಿಸು ಎಂದು ಗೋಗರೆದ. ಒಂದು ಮೊಳೆಗೆ ಒಂದು ತಟ್ಟೆ ತೂಗುಹಾಕಿದರೆ ಎಲ್ಲ ಪೀಡೆಯೂ ಕಳೆಯುತ್ತದೆ ಎಂದ. ಅವನು ಹೇಳಿದ್ದು ತಪ್ಪೇನಲ್ಲ. ಪರಾತ ಅಲ್ಲಿಯದೇ, ಮೊಳೆ ಅದರದೇ.

ಆಯಿ ಪರಾತವನ್ನು ಇಸಿದುಕೊಂಡು ಮೂಲೆಗೆ ಒರಗಿಸಿದಳು. "ಹೆದರಿ ಇಳಿಸಿದ್ದು. ಹೆದರಿ ಏರಿಸಂಗಿಲ್ಲ," ಎಂದಳು.

ಅಷ್ಟೇ. ಮರುದಿನ ಅವರು ಬರಲಿಲ್ಲ. ಆ ವೇಳೆಗೆ ಮಿಲಿಟರಿಯವರು ಊರಲ್ಲಿ ಗಸ್ತು ಹಾಕತೊಡಗಿದ್ದರು. ಹಲೀಮಾಬಿ ಕೆಲವು ದಿನ ನಮ್ಮಲ್ಲಿದ್ದು ತನ್ನ ಮನೆಗೆ ಹೋದಳು. ನೆಂಟರು ಹೈದರಾಬಾದಿಗೆ ಕರೆದರೂ ಹೋಗಲಿಲ್ಲ. ಗಂಡ ಬಂದರೆ ಯಾವ ಬಾಗಿಲು ಬಡಿಯಬೇಕು ಎಂದು ಕೇಳುತ್ತಿದ್ದಳು. ಅವಳ ಅಂಗಳದಲ್ಲಿ ಮತ್ತೆ ಹಳದಿ ದುಪ್ಪಟ್ಟಗಳು ಬಿದ್ದವು. ಗೋಡೆಯ ಬಣ್ಣ ಮಾಸಿದಾಗ ಅವರಿಬ್ಬರೂ ಮತ್ತೆ ಬಳಿದರು. ಗುಂಡು ಕೆಡದಿರಲೆಂದು ಒಬ್ಬಳು ಪರಾತವನ್ನು ಗೋಡೆಗೆ ಒತ್ತಿ ಹಿಡಿಯುವುದು, ಇನ್ನೊಬ್ಬಳು ಸುತ್ತ ಬಳಿಯುವುದು. ಮುಗಿದ ಕೂಡಲೇ ಪರಾತ ಕೆಳಗೆ. ಮೊಳೆಗೆ ಮಾತ್ರ ತಾಗಿಸುತ್ತಿರಲಿಲ್ಲ. ನಾನು ದೊಡ್ಡವಳಾಗಿ, ಕನ್ನಡ ಸಾಲೆಗೆ ಮಾಸ್ತರಣಿಯಾಗಿ ಸೇರಿದ ಮೇಲೆ ಒಮ್ಮೆ ಆಯಿಯನ್ನು ಕೇಳಿದೆ: ಅವತ್ತು ಅಷ್ಟು ಜಗಳ ಆಡಿದ್ದು ಗೋಡೆಗೋ, ಹಲೀಮಾಬಿಗೋ? ಆಯಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿ, ಎರಡೂ ನನ್ನವೇ ಅಲ್ಲವೇ ಎಂದಳು.

ಇಬ್ಬರೂ ಹೋದ ಮೇಲೆ ಬಳಿಯುವ ಕೆಲಸ ನನಗೆ ಬಂತು. ನನ್ನ ಕೈ ನೆಟ್ಟಗಿಲ್ಲ, ಗುಂಡು ಈಗ ಒಂದು ಬದಿಗೆ ಒಂಚೂರು ಜೋತುಬಿದ್ದಿದೆ. ಕರಿಹಲಗೆಯ ಮೇಲೆ ಜೀವಮಾನವಿಡೀ ಸೊನ್ನೆ ಬರೆದವಳಿಗೆ ಪರಾತ ಹಿಡಿದುಕೊಂಡೂ ಒಂದು ಗುಂಡು ನೆಟ್ಟಗೆ ಬರಲಿಲ್ಲ.

ಇದನ್ನೆಲ್ಲ ಬಸವರಾಜ ಬಲ್ಲ. ಸಣ್ಣವನಿದ್ದಾಗ ನನ್ನ ಮಗ್ಗುಲಲ್ಲಿ ಮಲಗಿ ಹತ್ತಾರು ಸಲ ಹೇಳಿಸಿಕೊಂಡಿದ್ದಾನೆ. ಸರದಾರ ಟೋಪಿ ಸರಿಮಾಡಿಕೊಳ್ಳುವ ಭಾಗ ಬಂದರೆ ಚಪ್ಪಾಳೆ ತಟ್ಟುತ್ತಿದ್ದ. ಅಂಥವನೇ ಈಗ ಬಿಳಿ ಬಣ್ಣದ ಪುಸ್ತಕ ಹಿಡಿದು ನಿಂತಿದ್ದ. ಯಾಕೆ ಎಂದು ಕೇಳಿದೆ. ಅವನು ಪುಸ್ತಕದ ಪಟ್ಟಿಗಳನ್ನು ಮಡಿಚಿದ.

"ಈಗಿನ ಮಂದಿ ಛಲೋ ಇಲ್ಲ ಅತ್ತಿ. ಯಾರರೆ ಫೋಟೋ ಹೊಡದು ನಿಜಾಮನ ಝಂಡಾ ಅಂತ ಫೋನಿನಾಗ ಹಾಕಿದ್ರ ಯಾರಿಗಂತ ಹೇಳ್ಕೊಂಡು ತಿರಗ್ಲಿ? ಬೀಗರು ಬರೋದದ. ಹುಡುಗಿ ಬಾಳೇವು ನೋಡ್ರಿ."

ನನಗೆ ಸಿಟ್ಟು ಬಂತು. ಅವನ ಮೇಲಲ್ಲ. ಅವನ ದನಿಯಲ್ಲಿ ಮುತ್ಯಾನ ದನಿ ಕೇಳಿತು, ಅದಕ್ಕೆ. ಆಗ ಬಂದೂಕು ಹೆಗಲಲ್ಲಿತ್ತು, ಬಕೀಟು ಕೈಯಲ್ಲಿತ್ತು, ಎದುರಿಗೆ ನಿಂತವರ ಮುಖ ಕಾಣುತ್ತಿತ್ತು. ಇವನು ಹೆದರುತ್ತಿದ್ದದ್ದು ಇನ್ನೂ ಬಾರದವರಿಗೆ. ಆದರೂ ಪಲ್ಲವಿಯ ಮಾತು ಎತ್ತಿದ್ದರಿಂದ ನಾನೂ ಆ ದಿನ ಸರಿಯಾಗಿ ಉಣ್ಣಲಿಲ್ಲ. ಈ ಗೋಡೆಯಿಂದ ಆ ಮಗುವಿನ ಸಂಬಂಧ ಮುರಿದರೆ ನಾನು ಯಾರ ಮುಖ ನೋಡಲಿ?

ದಾರಿ ತೋರಿಸಿದವನು ಸಂತೋಷ. ಅಡುಗೆಮನೆಯಲ್ಲಿ ಪರಾತ ನೋಡಿ ಅವನ ಕಣ್ಣು ಅರಳಿದವು. ಇಂಥ ಹಳೆಯ ಹಿತ್ತಾಳೆಗೆ ಜನ ಹುಡುಕಾಡುತ್ತಾರೆ, ಇದನ್ನು ಬೆಳಗಿ ಆ ಗುಂಡಿನ ಮೇಲೆ ತೂಗುಹಾಕಿ, ಮೇಲಿನಿಂದ ಒಂದು ದೀಪ ಬಿಟ್ಟರೆ ಹಾಲಿಗೇ ಕಳೆ, ಹಳದಿಯೂ ಉಳಿಯುತ್ತದೆ ಎಂದ. ಬಸವರಾಜ ಖುಷಿಯಿಂದ ನನ್ನ ಕೈ ಹಿಡಿದುಕೊಂಡ. ಪಲ್ಲವಿ ಕೂಡ, ಅಜ್ಜಿ ಒಪ್ಪಿಕೋ ಎಂದಳು. ನಾನು ಒಪ್ಪಿಯೇ ಬಿಡುತ್ತಿದ್ದೆ. ನನ್ನ ಗೋಡೆ, ನನ್ನ ಪರಾತ, ಜಗಳಕ್ಕೆ ಜಾಗವೇ ಇರಲಿಲ್ಲ. ಸಂತೋಷ ಪರಾತ ಎತ್ತಿ ಮೊಳೆಯ ಹತ್ತಿರ ಒಯ್ದ. ಬಸವರಾಜ ಉಸಿರು ಬಿಟ್ಟ. ಆ ಉಸಿರು ನನಗೆ ಕೇಳಿಸಿತು.

"ಕೆಳಗ ಇಡು," ಎಂದೆ. "ಹೆದರಿ ಏರಿಸಂಗಿಲ್ಲ."

ಹೇಳಿ ಸುಮ್ಮನಾಗಬೇಕಿತ್ತು. ಆಯಿಯ ಹಾಗೆ ಗೋಡೆಯ ಮುಂದೆ ಅಡ್ಡ ಕೂತೂ ಬಿಟ್ಟೆ, ಆ ಜಾರುವ ಟೈಲ್ಸ್ ಮೇಲೆ. ಆಯಿಗೆ ಆಗ ಮೊಣಕಾಲು ಗಟ್ಟಿ ಇದ್ದವು. ನನ್ನ ಮಾತೇ ನಡೆಯಲಿ ಎಂದು ಬಸವರಾಜ ಒಪ್ಪಿದ ಮೇಲೆ, ಅವನೂ ಸಂತೋಷನೂ ಒಂದೊಂದು ರಟ್ಟೆ ಹಿಡಿದು ನನ್ನನ್ನು ಎಬ್ಬಿಸಬೇಕಾಯಿತು. ನನ್ನ ವಿಜಯ ಹೀಗೆ ನಡೆಯಿತು.

ಮರುದಿನ ಬಸ್ಸು ಹತ್ತಿ ಬೀದರಕ್ಕೆ ಹೋದೆ. ಬಣ್ಣದ ದೊಡ್ಡ ಅಂಗಡಿಯವರು ಪೇವಡಿ ಎಂಬ ಹೆಸರನ್ನೇ ಕೇಳಿರಲಿಲ್ಲ, ಹಳದಿ ಬೇಕಾದರೆ ಯಂತ್ರದಲ್ಲಿ ಕಲಸಿ ಕೊಡುತ್ತೇವೆ ಎಂದರು. ಹಳೆಯ ಪೇಟೆಯಲ್ಲಿ, ಸುಣ್ಣ ಮತ್ತು ಹಗ್ಗ ಮಾರುವ ಒಂದು ಮುಗ್ಗಲು ಅಂಗಡಿಯಲ್ಲಿ ಕೊನೆಗೂ ಸಿಕ್ಕಿತು. ಪಲ್ಲವಿ ಪರಾತ ಒತ್ತಿ ಹಿಡಿದಳು, ನಾನು ಸುತ್ತ ಬಳಿದೆ. ಅವಳ ಗಟ್ಟಿ ಕೈಯಿಂದಾಗಿ ಗುಂಡು ಈ ಸಲ ನೆಟ್ಟಗೆ ಬಂತು. ನಕ್ಷತ್ರದ ದೀಪ ಹಾಕಿದಾಗ ಹಳದಿ ಝಗ್ಗನೆ ಹೊತ್ತಿಕೊಂಡಿತು. ಬಸವರಾಜ ಬೀದಿಬಾಗಿಲಿನ ಕಡೆ ನೋಡಿ ಆ ದೀಪವನ್ನು ಆರಿಸಿದ.

ಬೀಗರು ಬಂದರು. ಹುಡುಗನ ತಂದೆ, ತಾಯಿ, ಇನ್ನೂ ಕೆಲವರು, ಮತ್ತು ಹುಡುಗನ ಅಜ್ಜಿ. ಔರಾದದ ಹತ್ತಿರದ ಹಳ್ಳಿಯವಳು, ನನಗಿಂತ ಹಿರಿಯಳು, ಸಣ್ಣ ಜೀವ. ಸೋಫಾದಲ್ಲಿ ಕೂಡಿಸಿದರೆ ಅದರೊಳಗೆ ಹೂತುಹೋದಳು. ಎದ್ದು ಬಂದು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಬೆಲ್ಲ, ನೀರು ಬಂತು. ಮಳೆ-ಬೆಳೆಯ ಮಾತಾಯಿತು. ಹುಡುಗನ ತಂದೆ ಗೋಡೆಯನ್ನು ಒಮ್ಮೆ ನೋಡಿದರು, ನೀರು ಕುಡಿದರು, ಇನ್ನೊಮ್ಮೆ ನೋಡಿದರು. ಬಸವರಾಜ ಹೆಗಲ ಮೇಲಿನ ಟವೆಲಿನಿಂದ ಕತ್ತು ಒರೆಸಿಕೊಂಡ.

"ಇದೇನ್ರಿ ಇದು, ಗ್ವಾಡಿ ಮ್ಯಾಲ?" ಎಂದು ಅವರು ಕೇಳಿದರು.

ಬಸವರಾಜ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಚಾಪೆಯ ಮೇಲಿನ ಮುದುಕಿ ನನ್ನ ಕಡೆ ತಿರುಗಿದಳು.

"ಪರಾತ ಎಲ್ಲದವ್ವ?" ಎಂದಳು.

ಸರದಾರ ಕೇಳಿದ್ದೂ ಇದೇ ಮಾತು. ಆಗ ಆಯಿ ಉಗುಳು ನುಂಗಿ ಸುಳ್ಳು ಹೇಳಿದ್ದಳು, ಆ ಸುಳ್ಳಿನ ಸಿಟ್ಟು ಅವಳಿಗೆ ಎಷ್ಟೋ ದಿನ ಆರಿರಲಿಲ್ಲ. ನಾನು ಸುಳ್ಳು ಹೇಳಬೇಕಾಗಿರಲಿಲ್ಲ.

"ಒಳಗದ್ರಿ. ಹೋಳಿಗಿಗಿ ಕಣಕ ನಾದ್ಲಕತ್ತಾರ," ಎಂದೆ. ಎದ್ದು ಹೋಗಿ, ಕಣಕ ಸಮೇತ ಪರಾತವನ್ನೇ ತಂದು ಅವಳ ಮುಂದೆ ಇಟ್ಟೆ.

ಅವಳು ಅದರ ಅಂಚಿನ ಸುತ್ತ ಬೆರಳಾಡಿಸಿದಳು. ಗೋಡೆಯ ಗುಂಡನ್ನು ನೋಡಿದಳು, ಪರಾತ ನೋಡಿದಳು. ಆಮೇಲೆ ಯಾರಿಗೂ ಅಲ್ಲ ಎನ್ನುವಂತೆ, "ನಮ್ಮವ್ವಂದು ಹೊಲದಾಗ ಹುಗದಿದ್ರು. ಹುಗದವರೇ ಹೋದ್ರು, ಅದು ಸಿಗಲೇ ಇಲ್ಲ," ಎಂದಳು.

ಹುಡುಗನ ತಂದೆ ಸೋಫಾದಿಂದ ಎದ್ದರು. ತಮ್ಮ ತಾಯಿಯಾದ ಆ ಮುದುಕಿಯ ಪಕ್ಕದಲ್ಲಿ ಬಂದು ಚಾಪೆಯ ಮೇಲೆ ಕೂತರು. ಅವರಿಗೆ ಅವಳು ಈ ಮಾತು ಹಿಂದೆ ಎಂದೂ ಹೇಳಿರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಪಲ್ಲವಿಯ ಮಾತು ಅಲ್ಲೇ, ಕಣಕದ ಪರಾತದ ಸುತ್ತ ಕೂತು, ಮುಗಿಯಿತು. ಹೊರಡುವಾಗ ಮುದುಕಿ ನನ್ನ ಕೈ ಹಿಡಿದು, ತೊಳೆದು ಅದರ ಜಾಗಕ್ಕೆ ಏರಿಸಬಾರದೇ ಎಂದು ಕೇಳಿದಳು.

ನಾನು ಬಸವರಾಜನ ಕಡೆ ನೋಡಿದೆ. ಬೀಗರು ಒಪ್ಪಿದ್ದರು, ಹೋಳಿಗೆ ಮುಗಿದಿದ್ದವು, ಆದರೂ ಅವನ ಕಣ್ಣು ಬೀದಿಬಾಗಿಲಿನ ಕಡೆಗೇ ಇತ್ತು. ಅವನು ಆ ನಕ್ಷತ್ರದ ದೀಪವನ್ನು ತಾನಾಗಿ ಹಾಕಿದ ದಿನ ಏರಿಸುತ್ತೇನೆ ಎಂದೆ. ಅಲ್ಲಿಯ ತನಕ ಮೊಳೆ ಖಾಲಿ ಇರುತ್ತದೆ, ಪರಾತ ಹಿಟ್ಟು ನಾದುತ್ತದೆ.